ತೂಕಡಿಸಿದವನಿಗೂ ಕಥೆ ತಪ್ಪದಂತೆ

ವಡೋದರದಲ್ಲಿ ಹೋಟೆಲು ನಡೆಸುವ ಕುಂದಾಪುರ ಕಡೆಯ ಗೆಳೆಯರೊಬ್ಬರು ಮೊನ್ನೆ ಫೋನು ಮಾಡಿದ್ದರು. ಬೆಳಗಿನ ಜಾವ ನಾಲ್ಕಕ್ಕೇ ಅಡುಗೆಮನೆಗೆ ಇಳಿಯುವ ಮನುಷ್ಯ. ಹಿಟ್ಟಿನ ಹದ ನೋಡಬೇಕು, ಬೇಳೆ ಇಡಬೇಕು, ಕಾಯಿ ತುರಿಯಬೇಕು. ಎರಡು ಕೈಗೂ ಪುರುಸೊತ್ತಿಲ್ಲ, ಕಿವಿ ಮಾತ್ರ ಖಾಲಿ. ‘ಮೊಬೈಲು ನೋಡಿ ನೋಡಿ ಕಣ್ಣು ಉರಿ ಬಂತು ಮಾರಾಯ್ರೆ. ಕೇಳುವ ಪುಸ್ತಕ ಬಂದಿದೆಯಲ್ಲ, ಒಂದು ಒಳ್ಳೇದು ಹೇಳಿ’ ಎಂದರು. ಭೈರಪ್ಪನವರ ‘ಪರ್ವ’ ಆದೀತಾ ಎಂದು ಅವರೇ ಕೇಳಿದರು. ಬೇಡ ಎಂದೆ. ಅವರಿಗೆ ಬೇಸರವಾಯಿತು.

ಬೇಸರಕ್ಕೆ ಕಾರಣವಿದೆ. ಗುಜರಾತಿನ ಕನ್ನಡಿಗರಿಗೆ ಭೈರಪ್ಪ ಒಂದು ಲೆಕ್ಕದಲ್ಲಿ ಊರಿನವರೇ. ವಲ್ಲಭ ವಿದ್ಯಾನಗರದ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು, ವಡೋದರದ ಸಯಾಜಿರಾವ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. ಆದರೆ ‘ಪರ್ವ’ ಪಾತ್ರಗಳ ನೆನಪಿನೊಳಗೆ ಹಿಂದೆ ಮುಂದೆ ಸರಿದಾಡುವ ಕಾದಂಬರಿ. ಓದುವಾಗ ದಾರಿ ತಪ್ಪಿದರೆ ನಾಲ್ಕು ಪುಟ ಹಿಂದಕ್ಕೆ ತಿರುವುತ್ತೇವೆ. ಹಿಟ್ಟಾದ ಕೈಯಲ್ಲಿ ಮೊಬೈಲು ಮುಟ್ಟುವುದು ಹೇಗೆ? ಅವರದೇ ‘ಗೃಹಭಂಗ’ ಕೇಳಿ ಎಂದೆ. ಅಲ್ಲಿ ಮಾತಿದೆ, ಜಗಳವಿದೆ, ನಂಜಮ್ಮನ ಮನೆಯಲ್ಲಿ ದಿನವೂ ಏನಾದರೊಂದು ನಡೆಯುತ್ತಿರುತ್ತದೆ. ಕುಕ್ಕರಿನ ಸೀಟಿಗೆ ಎರಡು ವಾಕ್ಯ ಕೇಳಿಸದೆ ಹೋದರೂ ಮೂರನೆಯದು ಕೈಹಿಡಿಯುತ್ತದೆ.

ಪುಸ್ತಕ ದೊಡ್ಡದೋ ಸಣ್ಣದೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಿವಿಯ ಯಜಮಾನ ಆಗಾಗ ಬೇರೆಲ್ಲೋ ಹೋಗಿಬರುತ್ತಾನೆ ಎಂಬುದು ಬರೆದವನಿಗೆ ಗೊತ್ತಿತ್ತೇ ಎಂದು ನೋಡಬೇಕು, ಅಷ್ಟೆ. ಇದನ್ನು ಚೆನ್ನಾಗಿ ಬಲ್ಲವನೊಬ್ಬ ಅದೇ ವಡೋದರದಲ್ಲಿದ್ದ, 17ನೇ ಶತಮಾನದಲ್ಲಿ. ಹೆಸರು ಪ್ರೇಮಾನಂದ ಭಟ್ಟ. ನಳಾಖ್ಯಾನ, ಓಖಾಹರಣ, ಸುದಾಮಚರಿತ್ರ, ನರಸಿಂಹ ಮೆಹ್ತಾನ ಮಗಳ ಸೀಮಂತದ ಕಥೆ, ಇವೆಲ್ಲ ಅವನ ಆಖ್ಯಾನಗಳು. ಓಖಾ ಎಂದರೆ ನಮ್ಮ ಯಕ್ಷಗಾನದ ಉಷೆಯೇ. ಚೈತ್ರ ಮಾಸದಲ್ಲಿ ಗುಜರಾತಿ ಮನೆಗಳಲ್ಲಿ ಓಖಾಹರಣ ಹಾಡುವ ರೂಢಿಯಿದೆ.

ಈ ಪರಂಪರೆಯ ಕಥೆಗಾರನಿಗೆ ಮಾಣಭಟ್ಟ ಎಂದು ಹೆಸರು. ಮಾಣ ಎಂದರೆ ಗುಡಾಣದಂಥ ತಾಮ್ರದ ಪಾತ್ರೆ. ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣ. ಚರ್ಮದ ವಾದ್ಯ ಮುಟ್ಟಬಾರದೆಂಬ ಬ್ರಾಹ್ಮಣರು ಇದನ್ನು ಹಿಡಿದರೆನ್ನುತ್ತಾರೆ. ಬೆರಳುಗಳಿಗೆ ಉಂಗುರ ತೊಟ್ಟು ಅದರ ಮೈ ಬಡಿಯುತ್ತ ಕಥೆ ಸಾಗುತ್ತದೆ. ನಮ್ಮ ಕಾಲದಲ್ಲಿ ವಡೋದರದ ಧಾರ್ಮಿಕಲಾಲ್ ಪಂಡ್ಯ ದಶಕಗಳ ಕಾಲ ಈ ಕಲೆಯನ್ನು ಉಳಿಸಿಕೊಂಡು ಬಂದರು. ಆಖ್ಯಾನ ‘ಕಡವು’ ಎಂಬ ತುಂಡುಗಳಲ್ಲಿ ನಡೆಯುತ್ತದೆ. ಪ್ರತಿ ಕಡವಿನ ಕೊನೆಗೆ ‘ವಲಣ’, ಅಂದರೆ ತಿರುವು. ಅದು ಈಗಷ್ಟೇ ಹೇಳಿದ ಮಾತನ್ನು ಮತ್ತೆ ಎತ್ತಿಕೊಂಡು, ನಡೆದದ್ದನ್ನು ಮುಗಿಸಿ, ಮುಂದಿನದರ ಸುಳಿವು ಕೊಡುತ್ತದೆ. ರಾತ್ರಿಯಿಡೀ ಕೂತವರಲ್ಲಿ ಒಬ್ಬ ತೂಕಡಿಸಿರುತ್ತಾನೆ, ಒಬ್ಬಳು ಮಗು ಮಲಗಿಸಿ ಬಂದಿರುತ್ತಾಳೆ. ವಲಣ ಅವರಿಗಾಗಿ. ನಮ್ಮ ಕುಮಾರವ್ಯಾಸನೂ ಸಂಧಿಯ ತಲೆಯಲ್ಲೇ ಒಂದು ಸೂಚನೆಯ ಪದ್ಯ ಇಟ್ಟಿದ್ದಾನೆ: ಇಂದು ನಡೆಯುವುದು ಇಷ್ಟು, ಕೂತು ಕೇಳಿ ಎಂಬ ಹಾಗೆ.

ಹಾಗಾಗಿ ನನ್ನದೊಂದು ಮೊಂಡು ಪರೀಕ್ಷೆಯಿದೆ. ಪುಸ್ತಕ ಹಚ್ಚಿ, ಬೇಕೆಂದೇ ಎರಡು ನಿಮಿಷ ಬೇರೇನೋ ಯೋಚಿಸುತ್ತೇನೆ. ಹಿಂತಿರುಗಿದಾಗ ಅದು ನನ್ನನ್ನು ಒಳಗೆ ಕರೆದರೆ ಸರಿ, ಇಲ್ಲವಾದರೆ ಕಾಗದದಲ್ಲೇ ಓದುತ್ತೇನೆ. ವೇಗ ಒಂದೂವರೆ ಪಟ್ಟು ಮಾಡಿಕೊಂಡು ತೇಜಸ್ವಿಯವರ ‘ಕರ್ವಾಲೊ’ ಕೇಳುವವರನ್ನೂ ಕಂಡಿದ್ದೇನೆ. ಅವರಿಗೆ ಎಲ್ಲಿಗೆ ಹೋಗುವ ಅವಸರವೋ.

ದನಿಯ ಮಾತು ಬೇರೆ. ಮೈಲ್ಯಾಂಗ್, ಸ್ಟೋರಿಟೆಲ್ ಆ್ಯಪುಗಳು ಬಂದ ಮೇಲೆ ಕನ್ನಡದಲ್ಲಿ ಆರಿಸಿಕೊಳ್ಳಲು ಸಾಕಷ್ಟು ಸಿಗುತ್ತದೆ. ಅಹಮದಾಬಾದಿನಿಂದ ಸೂರತ್‌ಗೆ ರೈಲು ಹತ್ತಿ ಧಾರವಾಡ ಕಡೆಯ ಕಥೆಯೊಂದನ್ನು ಕಿವಿಗೆ ಹಾಕಿಕೊಂಡಿದ್ದೆ. ಓದಿದವರು ವಾರ್ತೆ ಓದುವ ಬೆಂಗಳೂರು ದನಿಯಲ್ಲಿ ‘ಹೌದಲ್ಲೋ’, ‘ಬರ್ತೀನವಾ’ ಎನ್ನುತ್ತಿದ್ದರು. ನಡಿಯಾದ್ ದಾಟುವ ಮೊದಲೇ ನಿಲ್ಲಿಸಿದೆ. ದೇವನೂರರ ‘ಕುಸುಮಬಾಲೆ’ಯನ್ನು ನೆನೆಯಿರಿ. ಪುಟದಲ್ಲಿ ಕಷ್ಟವೆಂದು ಮುಚ್ಚಿಟ್ಟವರೆಷ್ಟೋ. ಎಲ್. ಬಸವರಾಜು ಅದನ್ನು ಪದ್ಯದ ಸಾಲುಗಳಾಗಿ ಮುರಿದು ಜೋಡಿಸಿ ತೋರಿಸಿದರು. ನಂಜನಗೂಡು ಸೀಮೆಯ ನಾಲಿಗೆಯೊಂದು ಗಟ್ಟಿಯಾಗಿ ಓದಿದರೆ ಆ ಕಷ್ಟ ಎಲ್ಲಿತ್ತು ಎನಿಸುತ್ತದೆ. ಆ್ಯಪಿನಲ್ಲಿ ಲೇಖಕರ ಹೆಸರಿಗಿಂತ ಮೊದಲು ಓದಿದವರ ಊರು ಯಾವುದೆಂದು ಹಾಕಿದರೆ ನನ್ನಂಥವರಿಗೆ ಉಪಕಾರ.

ಸೂರತ್‌ನಲ್ಲಿ ವಜ್ರ ಉಜ್ಜುವ ಕಾರ್ಖಾನೆಯೊಂದಕ್ಕೆ ಹೋಗಿದ್ದೆ. ತಿರುಗುವ ಚಕ್ರಕ್ಕೆ ‘ಘಂಟಿ’ ಎನ್ನುತ್ತಾರೆ. ಅದರ ಸುತ್ತ ಕೂತ ‘ಹೀರಾಘಸು’ಗಳು ಹರಳನ್ನು ಅದಕ್ಕೆ ಒತ್ತಿ, ಎತ್ತಿ, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ಒತ್ತುತ್ತಿದ್ದರು. ಕಣ್ಣು ಕದಲಿಸುವಂತಿಲ್ಲ. ಮೂಲೆಯಲ್ಲಿ ಯಾರದೋ ಮೊಬೈಲಿನಿಂದ ಡಾಯರೋ ಕೇಳಿಬರುತ್ತಿತ್ತು, ಸೌರಾಷ್ಟ್ರದ ಕಥೆ, ಹಾಡು, ನಗೆ ಎಲ್ಲ ಕಲಸಿದ್ದು. ನನಗೆ ಕ್ಯೂಬಾ ನೆನಪಾಯಿತು. 1865ರಿಂದ ಹವಾನಾದ ಚುಟ್ಟಾ ಕಾರ್ಖಾನೆಗಳಲ್ಲಿ ಒಬ್ಬ ಎತ್ತರದಲ್ಲಿ ಕೂತು ಪತ್ರಿಕೆ, ಕಾದಂಬರಿ ಓದುತ್ತಿದ್ದ. ಅವನಿಗೆ ದುಡ್ಡು ಕೊಡುತ್ತಿದ್ದವರು ಎಲೆ ಸುತ್ತುವ ಕೆಲಸಗಾರರೇ. ಮುಂದಿನ ಪುಸ್ತಕ ಯಾವುದೆಂದು ಅವರೇ ಆರಿಸುತ್ತಿದ್ದರು. ಡ್ಯೂಮಾನ ಕಾದಂಬರಿ ಅವರಿಗೆ ಎಷ್ಟು ಹಿಡಿಸಿತೆಂದರೆ ಮಾಂಟೆಕ್ರಿಸ್ಟೊ ಚುಟ್ಟಾಕ್ಕೆ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ. ಚುಟ್ಟಾ ಸುತ್ತುವವರ ಮುಂದೆ ಓದುಗನಿಗೆ ಗೊಣಗಲು ಸಾಧ್ಯವೇ?

ಹೋಟೆಲಿನ ಗೆಳೆಯರು ‘ಗೃಹಭಂಗ’ ಮುಗಿಸಿ, ಈಗ ಕುಮಾರವ್ಯಾಸನ ಗಮಕ ಹಿಡಿದಿದ್ದಾರೆ, ವಾಚನ ವ್ಯಾಖ್ಯಾನ ಎರಡೂ ಇರುವುದು. ಇಯರ್‌ಫೋನು ಕಿವಿಯಲ್ಲಿ ನಿಲ್ಲುವುದಿಲ್ಲವೆಂದು ಪುಟ್ಟ ಸ್ಪೀಕರನ್ನು ಮಸಾಲೆ ಡಬ್ಬಿಗಳ ನಡುವೆ ಇಟ್ಟುಕೊಂಡಿದ್ದಾರಂತೆ. ನಿನ್ನೆ ಮತ್ತೆ ಫೋನು ಬಂತು. ಅಭಿಮನ್ಯು ಚಕ್ರವ್ಯೂಹದೊಳಗೆ ಹೋದಾಗ ಕರೆಂಟು ಹೋಯಿತಂತೆ, ಸ್ಪೀಕರಿನಲ್ಲಿ ಚಾರ್ಜೂ ಇರಲಿಲ್ಲವಂತೆ. ಪಾತ್ರೆ ತೊಳೆಯುತ್ತಿದ್ದ ಭಾವನಗರದ ಹುಡುಗನಿಗೆ ಕನ್ನಡ ಒಂದಕ್ಷರ ಬರುವುದಿಲ್ಲ. ಆದರೂ ನಲ್ಲಿ ನಿಲ್ಲಿಸಿ, ‘ಪಛೀ ಶುಂ ಥಯುಂ?’ ಎಂದನಂತೆ. ಮುಂದೇನಾಯಿತು ಎಂದು. ಇವರು ಗುಜರಾತಿಯಲ್ಲಿ ಹೇಳಲು ಶುರುಮಾಡಿದರು.

‘ಇವತ್ತು ಇಡ್ಲಿ ಇಳಿಸುವುದು ತಡ ಆಯ್ತು ಮಾರಾಯ್ರೆ’ ಎಂದರು.