ಆಟದ ಬಾಗಿಲಿಗೆ ಕನ್ನಡದ ಕೀಲಿ ಎಲ್ಲಿ?

ಕಂಪ್ಯೂಟರ್ ಆಟಗಳೆಂದರೆ ಕಾಲಹರಣವೆಂದು ಮೂಗು ಮುರಿಯುವ ರಾಯಚೂರಿನ ನನ್ನ ನಿವೃತ್ತ ಮಿತ್ರರೊಡನೆ ನನಗೆ ಹಳೆಯ ತಕರಾರಿದೆ. ಚಿತ್ರಸಹಿತ ಸಾಹಸದ ಆಟಗಳು ಗುಂಡು ಹಾರಿಸುವ ಆಟಗಳಲ್ಲ. ಓದಿ, ಯೋಚಿಸಿ, ಒಗಟು ಬಿಡಿಸುತ್ತ ಕಥೆಯನ್ನು ಮುನ್ನಡೆಸುವಂಥವು.

1980ರಲ್ಲಿ ರಾಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿಗಳ 'ಮಿಸ್ಟರಿ ಹೌಸ್' ಬರಹಕ್ಕೆ ಚಿತ್ರವನ್ನು ಜೋಡಿಸಿತು. ಆದರೂ ಬಾಗಿಲು ತೆರೆಯಲು ಇಂಗ್ಲಿಷಿನಲ್ಲಿ ಎರಡು ಪದದ ಆಜ್ಞೆಯನ್ನು ಟೈಪಿಸಬೇಕಿತ್ತು. 1987ರ 'ಮೇನಿಯಾಕ್ ಮ್ಯಾನ್ಷನ್' ಕ್ರಿಯಾಪದಗಳನ್ನು ತೆರೆಯ ಮೇಲೆಯೇ ಪಟ್ಟಿಮಾಡಿ, ಕ್ಲಿಕ್ಕಿಸಿದರೆ ಸಾಕೆಂದಿತು. 1993ರ 'ಮಿಸ್ಟ್' ಆ ಪಟ್ಟಿಯನ್ನೂ ಕೈಬಿಟ್ಟಿತು.

ಇದನ್ನು ಬುದ್ಧಿಯ ಇಳಿತವೆನ್ನುವವರುಂಟು. ನಾನು ಒಪ್ಪಲಾರೆ. ದೇವದುರ್ಗ, ಮಾನ್ವಿಗಳಲ್ಲಿ ಪಾಠ ಹೇಳಿದವನು ನಾನು. ಲೆಕ್ಕದ ಒಗಟನ್ನು ಕ್ಷಣದಲ್ಲಿ ಬಿಡಿಸುವ ಮಕ್ಕಳು ಇಂಗ್ಲಿಷ್ ಕ್ರಿಯಾಪದದ ಮುಂದೆ ತಲೆತಗ್ಗಿಸಿ ನಿಂತದ್ದನ್ನು ಕಂಡಿದ್ದೇನೆ. ಆ ಟೈಪಿಸುವಿಕೆ ಬುದ್ಧಿಯ ಪರೀಕ್ಷೆಯಲ್ಲ, ಭಾಷೆಯ ಸುಂಕ.

ಸುಂಕ ಇನ್ನೂ ಪೂರ್ತಿ ಇಳಿದಿಲ್ಲ. 1990ರ 'ಮಂಕಿ ಐಲೆಂಡ್' ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಮಾತನಾಡಿತು, ಕನ್ನಡದಲ್ಲಿ ಮಾತನಾಡಲಿಲ್ಲ. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ. ಹಾಗಾದರೆ ನಮ್ಮ ತಂತ್ರಜ್ಞರಿಗೆ ಅಡ್ಡಿ ಯಾವುದು?

ಕಥೆಯಿಲ್ಲವೆನ್ನುವಿರಾ? ನಮ್ಮದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರಿಗೆ ಬಂಡೆಯ ಮೇಲೊಂದು ಶಾಸನ ಕಂಡಿತು. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದು ಅದರಿಂದ ದೃಢವಾಯಿತು. ಬಂಡೆ, ಅಪರಿಚಿತ ಲಿಪಿ, ಹೆಸರು ಮರೆಸಿಕೊಂಡ ಅರಸ: ಇದಕ್ಕಿಂತ ಒಳ್ಳೆಯ ಸಾಹಸದ ಆಟ ಬೇಕೇ?

ಮಿತ್ರರೇ, ಮೊಮ್ಮಕ್ಕಳ ಕೈಯಿಂದ ಆಟವನ್ನು ಕಸಿಯುವ ಮುನ್ನ, ಅವರಿಗೊಂದು ಕನ್ನಡದ ಆಟವನ್ನು ಕೇಳಿ ಪಡೆಯೋಣ.