ಬಡಿಸುವ ಕೈಗೆ ಲೆಕ್ಕದ ಪುಸ್ತಕವನ್ನೂ ಕೊಡಿ

ಕುಂದೂರು ಸುತ್ತಲ ಹಳ್ಳಿಗಳ ಹಿರಿಯರಲ್ಲಿ, ತಾಯಂದಿರಲ್ಲಿ, ಯುವಕ ಯುವತಿಯರಲ್ಲಿ ಒಂದು ಅರಿಕೆ



'ಈಗಿನ ಹುಡುಗರಿಗೆ ಊರಿನ ಬಗ್ಗೆ ಕಾಳಜಿಯೇ ಇಲ್ಲ' ಎಂಬ ಮಾತು ಅರಳಿಕಟ್ಟೆಯಿಂದ ಹಿಡಿದು ಹಾಲಿನ ಡೈರಿ ಮುಂದಿನ ಬೆಂಚಿನ ತನಕ ಎಲ್ಲ ಕಡೆ ಕೇಳುತ್ತದೆ. ನಾವು ಇದನ್ನು ಒಪ್ಪುವುದಿಲ್ಲ. ಸುಗ್ಗಿಗೆ ಚಪ್ಪರ ಹಾಕುವವರು ಯಾರು? ಸಾವಿನ ಮನೆಗೆ ಸೌದೆ ಹೊರುವವರು ಯಾರು? ನಡುರಾತ್ರಿ ಹೆರಿಗೆ ನೋವು ಬಂದರೆ ಜೀಪು ತೆಗೆದು ಹಾಸನಕ್ಕೆ ಓಡಿಸುವವರು ಯಾರು? ಇಪ್ಪತ್ತು, ಇಪ್ಪತ್ತೈದರ ಹುಡುಗರೇ. ಮೈ ಬಗ್ಗಿಸುವ ಕೆಲಸಕ್ಕೆಲ್ಲ ಅವರು ಬೇಕು. ರಸೀದಿ ಪುಸ್ತಕ ಯಾರ ಕೈಯಲ್ಲಿರಬೇಕು, ಉಳಿದ ದುಡ್ಡನ್ನು ಏನು ಮಾಡಬೇಕು ಎಂದು ಸಮಿತಿ ಕೂತಾಗ ಮಾತ್ರ ಅವರು ಹೊರಗೆ ಪಾತ್ರೆ ತೊಳೆಯುತ್ತಿರುತ್ತಾರೆ.

ತಪ್ಪು ಶುರುವಾಗುವುದು ವಂತಿಗೆ ಪಟ್ಟಿಯಲ್ಲೇ. ನಮ್ಮಲ್ಲಿ ವಂತಿಗೆ ಎಂದರೆ ಮನೆಗಿಷ್ಟು. ಬರೆಯುವುದು ಯಜಮಾನರ ಹೆಸರು. ಮಗ ಪೀಣ್ಯದ ಕಾರ್ಖಾನೆಯಲ್ಲಿ ದುಡಿದು ಫೋನ್‌ಪೇ ಮಾಡಿದರೂ ರಸೀದಿ ಅಪ್ಪನ ಹೆಸರಿಗೇ. ಮಗಳು ಹಾಸನದಲ್ಲಿ ನರ್ಸ್ ಆಗಿ ಸಂಬಳ ತರುತ್ತಿದ್ದರೂ ಅವಳನ್ನು ಯಾರೂ ಕೇಳುವುದಿಲ್ಲ. ಬೇರೆ ಮನೆಗೆ ಹೋಗುವವಳಲ್ಲವೇ! ಇನ್ನು ತೋಟದ ಲೈನ್‌ಮನೆಗಳಲ್ಲೇ ಹುಟ್ಟಿ ಬೆಳೆದ ಹುಡುಗರು ಪಟ್ಟಿಯಲ್ಲಿ ಇರುವುದೇ ಇಲ್ಲ. 'ಪಾಪ, ಅವರ ಹತ್ತಿರ ಏನಿದೆ' ಎಂದು ಬಿಟ್ಟಿರುತ್ತೇವೆ. ಇದು ಕರುಣೆಯ ಹಾಗೆ ಕಾಣುತ್ತದೆ, ನಿಜ. ಆದರೆ ಯಾರನ್ನು ದುಡ್ಡು ಕೇಳುವುದಿಲ್ಲವೋ ಅವರನ್ನು ಅಭಿಪ್ರಾಯವನ್ನೂ ಕೇಳುವುದಿಲ್ಲ. ಹತ್ತು ರೂಪಾಯಿ ಕೊಟ್ಟವನಿಗೆ 'ಲೆಕ್ಕ ಎಲ್ಲಿ?' ಎನ್ನುವ ಹಕ್ಕು ಬರುತ್ತದೆ. ಆ ಹಕ್ಕನ್ನೇ ನಾವು ಊರಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಕೊಟ್ಟಿಲ್ಲ.

'ಹುಡುಗರ ಕೈಗೆ ದುಡ್ಡು ಕೊಟ್ಟರೆ ಕ್ರಿಕೆಟ್ ಟೂರ್ನಮೆಂಟ್ ಮಾಡಿ ಮುಗಿಸುತ್ತಾರೆ' ಎನ್ನುವವರಿದ್ದಾರೆ. ಸರಿ, ಆ ಟೂರ್ನಮೆಂಟನ್ನೇ ಒಮ್ಮೆ ಹತ್ತಿರದಿಂದ ನೋಡಿ. ಗದ್ದೆ ಕೊಯ್ಲಾದ ಮೇಲೆ ಬಯಲು ಹದ ಮಾಡುತ್ತಾರೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತಂಡಗಳಿಗೆ ಫೋನ್ ಮಾಡಿ ಎಂಟ್ರಿ ಫೀಸು ಕಟ್ಟಿಸಿಕೊಳ್ಳುತ್ತಾರೆ. ಮೊದಲ ಬಹುಮಾನಕ್ಕೆ ಒಬ್ಬರು, ಟ್ರೋಫಿಗೆ ಒಬ್ಬರು, ಮಧ್ಯಾಹ್ನದ ಊಟದ ಅಕ್ಕಿಗೆ ಇನ್ನೊಬ್ಬರು ಎಂದು ದಾನಿಗಳನ್ನು ಹಿಡಿಯುತ್ತಾರೆ. ಪೊಲೀಸ್ ಠಾಣೆಗೆ ಪತ್ರ, ಮೈಕಿಗೆ ಅಡ್ವಾನ್ಸು, ಅಂಪೈರಿಗೆ ಗೌರವಧನ, ಜಗಳ ಬಿಡಿಸಲು ನಾಲ್ಕು ಗಟ್ಟಿ ಆಳು, ಎಲ್ಲ ಅವರದೇ ಏರ್ಪಾಡು. ಆಟ ಮುಗಿದ ರಾತ್ರಿಯೇ ಖರ್ಚು ಎಷ್ಟು, ಉಳಿದದ್ದೆಷ್ಟು ಎಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ನಮ್ಮ ಎಷ್ಟು ದೇವಸ್ಥಾನ ಸಮಿತಿಗಳ ಲೆಕ್ಕ ಅಷ್ಟು ಬೇಗ ಹೊರಬಿದ್ದಿದೆ, ಹೇಳಿ?

ಆನೆ ವಿಷಯವೂ ಹಾಗೆಯೇ. 2014ರಲ್ಲಿ ಆಲೂರು, ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಆಮೇಲೂ ಆನೆಗಳು ಬರುವುದು ನಿಂತಿಲ್ಲ, ಕಾಫಿ ಗಿಡದ ಸಾಲಿನಲ್ಲಿ ಜನ ಸಾಯುವುದೂ ನಿಂತಿಲ್ಲ. ಬೆಳಗಿನ ಜಾವ ಅರಣ್ಯ ಇಲಾಖೆಯ ಕಾವಲುಗಾರರಿಂದಲೋ ಪಕ್ಕದೂರಿನವರಿಂದಲೋ ಸುದ್ದಿ ತಿಳಿದು, 'ಒಂಟಿ ಸಲಗ ಕೆರೆ ಏರಿ ದಾಟಿದೆ, ಕೆಲಸದವರನ್ನು ಈಗ ಕಳಿಸಬೇಡಿ, ಸ್ಕೂಲ್ ಮಕ್ಕಳು ರಸ್ತೆಗೆ ಬರಬಾರದು' ಎಂದು ಗುಂಪಿಗೆ ಧ್ವನಿಸಂದೇಶ ಹಾಕುವ ಹುಡುಗನಿಗೆ ಸಂಬಳವಿಲ್ಲ, ಶಾಲು ಹಾರವೂ ಇಲ್ಲ. ಅವನ ಮಾತು ಕೇಳಿ ಇಡೀ ತೋಟದ ಆಳುಗಳು ನಿಲ್ಲುತ್ತಾರೆ. ಮುಂದಾಳುತನಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದನ್ನು ಇಡಬೇಕೆಂದಿದ್ದೀರಿ?

ವಯಸ್ಸಿನ ಮಾತು ಬಿಡಿ. 18 ತುಂಬಿದ ಮತದಾರರೆಲ್ಲ ಗ್ರಾಮಸಭೆಯ ಸದಸ್ಯರು. 21ಕ್ಕೆ ಗ್ರಾಮ ಪಂಚಾಯಿತಿಗೆ ನಿಂತು ಗೆಲ್ಲಬಹುದು, ಸರ್ಕಾರದ ಲಕ್ಷಾಂತರ ರೂಪಾಯಿಯ ಕ್ರಿಯಾಯೋಜನೆಗೆ ಕೈ ಎತ್ತಬಹುದು. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರದು. 18 ದಾಟಿದ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಕಾನೂನು ನಂಬಿದವರನ್ನು ಗಣಪತಿ ಸಮಿತಿ ನಂಬುವುದಿಲ್ಲ ಎಂದರೆ ಏನು ಹೇಳೋಣ!

ಏಳು ಜನ ಎಂದಾಗ ಬೆಳಗಾವಿ ನೆನಪಾಗುತ್ತದೆ. 1916ರ ನವೆಂಬರ್‌ನಲ್ಲಿ ಅಲ್ಲಿ ಕೆಎಲ್‌ಇ ಸಂಸ್ಥೆಯ ಮೊದಲ ಶಾಲೆ ತೆರೆದವರು ಏಳು ಮಂದಿ ಶಿಕ್ಷಕರು. ಅವರಲ್ಲೊಬ್ಬರಾದ ಶಿ.ಶಿ. ಬಸವನಾಳರು ಆಗಿನ್ನೂ ಇಪ್ಪತ್ತರ ಹರೆಯದವರು. ಅರಟಾಳ ರುದ್ರಗೌಡರಂಥ ಹಿರಿಯರು ಬೆನ್ನಿಗೆ ನಿಂತರು. ಹಿರಿಯರು ಬೆಂಬಲ ಕೊಟ್ಟು, ನಡೆಸುವ ಹೊಣೆಯನ್ನು ಆ ಕಿರಿಯರಿಗೇ ಬಿಟ್ಟಿದ್ದರಿಂದ ಸಂಸ್ಥೆ ಬೆಳೆಯಿತು ಎಂಬುದು ನಮ್ಮ ತಿಳಿವಳಿಕೆ. ಇನ್ನೂ ಹತ್ತಿರದ್ದು ಬೇಕೆಂದರೆ ಮೈಸೂರು ಇದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರನ್ನು ಕಟ್ಟಿಕೊಂಡು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದಾಗ ಅವರಿಗೆ 19 ವರ್ಷ. ಓದು ಮುಗಿಸಿ 1987ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಹಾಡಿಗೆ ಹೋಗಿ ದವಾಖಾನೆ ತೆರೆದರು. ಆಮೇಲೆ ಆಸ್ಪತ್ರೆ, ಆದಿವಾಸಿ ಮಕ್ಕಳ ಶಾಲೆ ಎಲ್ಲ ಬಂದವು. 'ಮೊದಲು ಸೆಟ್ಲ್ ಆಗು, ಆಮೇಲೆ ಸಮಾಜಸೇವೆ' ಎಂಬ ನಮ್ಮ ಮನೆಮಾತನ್ನು ಅವರು ಕೇಳಿದ್ದರೆ ಆ ಹಾಡಿಗೆ ಡಾಕ್ಟರು ಯಾವಾಗ ಹೋಗುತ್ತಿದ್ದರೋ.

ದುಡ್ಡಿಲ್ಲ ಎಂಬ ಮಾತನ್ನಂತೂ ಈಗ ಆಡಬೇಡಿ. ಕಾಫಿಗೆ ಬೆಲೆ ಬಂದ ವರ್ಷ ಊರಬಾಗಿಲಿಗೆ ಸ್ವಾಗತ ಕಮಾನು ಏಳುತ್ತದೆ, ಅದರ ಮೇಲೆ ದಾನಿಗಳ ಹೆಸರು ಕೂರುತ್ತದೆ. ಹೆಸರು ಹಾಕಿಸಿಕೊಳ್ಳಲಿ, ತಪ್ಪೇನಿಲ್ಲ. ಸಕಲೇಶಪುರದ ಸರ್ಕಾರಿ ಆಸ್ಪತ್ರೆಯೂ ಕ್ರಾಫರ್ಡ್ ಎಂಬ ಹೆಸರನ್ನು ಹೊತ್ತೇ ನಿಂತಿದೆ. ಅಲ್ಲಿ ಹೆರಿಗೆ ನೋಡುತ್ತಾರೆ, ಹಾವು ಕಡಿತ ನೋಡುತ್ತಾರೆ. ಕಮಾನಿನ ಕೆಳಗೆ ಏನು ನೋಡುತ್ತಾರೆ?

ಹಾಗಾಗಿ ನಮ್ಮ ಕೋರಿಕೆ ಇಷ್ಟು. ಊರಿನ ಪ್ರತಿ ಸಮಿತಿಯಲ್ಲೂ, ಅದು ದೇವಸ್ಥಾನದ್ದಿರಲಿ, ಗಣಪತಿಯದ್ದಿರಲಿ, ಹಳೆ ವಿದ್ಯಾರ್ಥಿಗಳದ್ದಿರಲಿ, ಅರ್ಧ ಸ್ಥಾನ ಮೂವತ್ತರ ಒಳಗಿನವರಿಗೆ ಬಿಡಿ. ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಬ್ಯಾಂಕ್ ಖಾತೆಯ ಜಂಟಿ ಸಹಿಯಲ್ಲಿ ಒಂದು ಅವರದಿರಲಿ. ಸಹಿ ಇಲ್ಲದ ಸ್ಥಾನ ಬರೀ ಫೋಟೊಕ್ಕೆ. ಹಬ್ಬ ಮುಗಿದು ಹದಿನೈದು ದಿನದೊಳಗೆ ಲೆಕ್ಕ ಡೈರಿ ಗೋಡೆಗೆ ಅಂಟಲಿ. ವಂತಿಗೆ ಪಟ್ಟಿಯಲ್ಲಿ ದುಡಿಯುವ ಪ್ರತಿಯೊಬ್ಬರಿಗೂ, ಲೈನ್‌ಮನೆಯವರಿಗೂ ಸೇರಿ, ಸ್ವಂತ ಹೆಸರಿನ ಸಾಲಿರಲಿ. ಮೊತ್ತ ಅವರವರ ಇಷ್ಟ. ಉಳಿದ ಹಣದಲ್ಲಿ ಒಂದು ಪಾಲನ್ನು ಕಿರಿಯರೇ ಕೂತು ತೀರ್ಮಾನಿಸಿ ಖರ್ಚು ಮಾಡಲಿ. ಶಾಲೆಯ ಶೌಚಾಲಯವೋ, ಆನೆ ದಾರಿಯಲ್ಲಿ ದೀಪವೋ, ಕಾಲೇಜಿಗೆ ಹೋಗುವ ಹುಡುಗಿಯ ಬಸ್ ಪಾಸೋ, ಅದು ಅವರ ಆಯ್ಕೆ. ಒಂದೆರಡು ಸಲ ಎಡವಿದರೆ ಸಹಿಸಿಕೊಳ್ಳಿ. ಹಿರಿಯರ ಸಮಿತಿ ಕಟ್ಟಿಸಿ ಬೀಗ ಹಾಕಿದ ಸಮುದಾಯ ಭವನಗಳನ್ನು ಊರು ಸಹಿಸಿಕೊಂಡಿಲ್ಲವೇ?

ಯುವಕ ಯುವತಿಯರೇ, ನಿಮಗೂ ಒಂದು ಮಾತು. ಸ್ಥಾನ ಕೊಡಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಮೊದಲ ಸಂಬಳದಿಂದಲೇ ತಿಂಗಳಿಗೆ ನೂರು ರೂಪಾಯಿ ತೆಗೆದಿಡಿ, ನಿಮ್ಮ ಹೆಸರಿಗೇ ರಸೀದಿ ಕೇಳಿ ಪಡೆಯಿರಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಅಲ್ಲಿಗೆ ಹೋಗಿ ಕೂರಿ. ದುಡ್ಡೇ ಇಲ್ಲದಿದ್ದರೆ ರಕ್ತ ಇದೆ. 18 ತುಂಬಿ, 45 ಕೆಜಿ ತೂಕವಿದ್ದು ಆರೋಗ್ಯ ಸರಿಯಿದ್ದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಊರಲ್ಲಿ ಯಾರ ರಕ್ತ ಯಾವ ಗುಂಪು ಎಂಬ ಪಟ್ಟಿಯನ್ನು ಒಂದು ಭಾನುವಾರ ಮನೆಮನೆ ಸುತ್ತಿ ಬರೆಯಬಹುದು.

ಹಿರಿಯರೇ, ಜಂಟಿ ಸಹಿ ಬದಲಿಸಲು ಬ್ಯಾಂಕಿನವರು ಕೇಳುವುದು ಸಮಿತಿಯ ನಿರ್ಣಯದ ನಕಲು, ಸಹಿ ಹಾಕುವವರ ಆಧಾರ್, ಪ್ಯಾನ್, ಫೋಟೊ. ನಿರ್ಣಯವನ್ನು ಈ ವಾರದ ಸಭೆಯಲ್ಲೇ ಬರೆಯಬಹುದು.