ವಾಹನ ಎಣಿಸಿದರೆ ಸಾಲದು, ರಾತ್ರಿಗಳನ್ನೂ ಎಣಿಸಿ

ಮಳೆಗಾಲದ ಒಂದು ಭಾನುವಾರ ಮೂಡಿಗೆರೆ ತಾಲ್ಲೂಕಿನ ದೇವರಮನೆಗೆ ಹೋಗಿದ್ದೆ. ಕಾಲಭೈರವೇಶ್ವರ ದೇಗುಲವನ್ನು ತಲುಪುವ ಮೊದಲೇ ಇಕ್ಕಟ್ಟಾದ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಗುಡ್ಡದ ಮೇಲೆ ಮಂಜು ದಟ್ಟವಾಗಿತ್ತು. ಅದರೊಳಗಿನಿಂದ ಕಾರಿನ ಸ್ಪೀಕರ್‌ಗಳ ಅಬ್ಬರ ಕೇಳುತ್ತಿತ್ತು. ಹುಲ್ಲಿನ ನಡುವೆ ಒಡೆದ ಬಾಟಲಿಯ ಚೂರುಗಳಿದ್ದವು. ನನ್ನ ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಕುಟುಂಬವೊಂದಿತ್ತು. ಆ ತಾಯಿ ಕಂಡವರನ್ನೆಲ್ಲ ಶೌಚಾಲಯ ಎಲ್ಲಿದೆಯೆಂದು ವಿಚಾರಿಸುತ್ತಿದ್ದರು, ಉತ್ತರ ಹೇಳುವವರಿರಲಿಲ್ಲ. ಎರಡು ದಿನ ತಂಗುವ ಯೋಚನೆಯಲ್ಲಿ ಬಂದಿದ್ದ ಅವರು ಅರ್ಧ ಗಂಟೆಯಲ್ಲೇ ಕಾರು ತಿರುಗಿಸಿದರು. ಈ ಊರಿನಲ್ಲಿ ಅವರು ಬಿಟ್ಟುಹೋದದ್ದು ನಾಲ್ಕು ಲೋಟ ಚಹಾ ಮತ್ತು ಎರಡು ಸುಟ್ಟ ಜೋಳದ ಹಣವನ್ನು ಮಾತ್ರ.

ನಮ್ಮ ಪ್ರವಾಸೋದ್ಯಮದ ರೂಢಿಯ ಲೆಕ್ಕದಲ್ಲಿ ಈ ಕುಟುಂಬವೂ ನಾಲ್ವರು ಪ್ರವಾಸಿಗರೇ. ಎಷ್ಟು ಜನ ಬಂದರು ಎಂಬುದೇ ಯಶಸ್ಸಿನ ಅಳತೆಗೋಲಾಗಿರುವಾಗ, ಬಂದವರು ಹೇಗೆ ಹಿಂದಿರುಗಿದರು ಎಂದು ಕೇಳುವವರು ಯಾರು? ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ವ್ಯಾಖ್ಯಾನ ಇದಕ್ಕಿಂತ ಎಚ್ಚರಿಕೆಯದು. ರಾತ್ರಿ ತಂಗಿದವರನ್ನು ಮಾತ್ರ ಅದು ಪ್ರವಾಸಿಗರೆಂದು ಗಣಿಸುತ್ತದೆ. ಅದೇ ದಿನ ಮರಳುವವರದು ಬೇರೆಯೇ ವರ್ಗ. ಈ ಭೇದ ಕೇವಲ ತಾಂತ್ರಿಕವಾದುದಲ್ಲ. ಊಟ, ವಸತಿ, ಬಾಡಿಗೆ ಜೀಪು, ಕೊನೆಗೆ ಮನೆಗೊಯ್ಯುವ ಕಾಫಿಪುಡಿ, ಕಾಳುಮೆಣಸು ಇವೆಲ್ಲ ಖರ್ಚಾಗುವುದು ತಂಗಿದವರ ಕೈಯಿಂದ.

ಹಾಗೆಂದು ಪ್ರವಾಸಿ ತೃಪ್ತನಾದ ಮಾತ್ರಕ್ಕೆ ಅವನ ಜೇಬು ತಾನಾಗಿ ತೆರೆದುಕೊಳ್ಳುತ್ತದೆ ಎನ್ನುವಂತಿಲ್ಲ. ಮಂಜಿಗೆ ಶುಲ್ಕವಿಲ್ಲ. ಅದನ್ನು ಕಣ್ತುಂಬ ನೋಡಿ, ಕಟ್ಟಿಕೊಂಡು ಬಂದ ಬುತ್ತಿ ಉಂಡು, ಪರಮ ಸಂತೋಷದಿಂದ ಹಿಂದಿರುಗುವವರಿದ್ದಾರೆ. ಹುಲ್ಲಿನ ಮೇಲೆ ಬಾಟಲಿ ಒಡೆದವರೂ ಪ್ರಾಯಶಃ ಸಂತುಷ್ಟರಾಗಿಯೇ ಹೋದರು. ಆದ್ದರಿಂದ ಯಾರ ತೃಪ್ತಿ ಎಂಬ ಪ್ರಶ್ನೆ ಮೊದಲು ಏಳಬೇಕು. ಒಬ್ಬರ ಮೋಜು ಇನ್ನೊಬ್ಬರನ್ನು ಓಡಿಸುವಂತಿದ್ದರೆ, ಉಳಿಯಲು ಬಂದವರು ಹೋಗುತ್ತಾರೆ. ಏನನ್ನೂ ಕೊಡದೆ ಹೋಗುವವರು ಮತ್ತೆ ಬರುತ್ತಾರೆ. ತೃಪ್ತಿ ಹಣವಾಗಿ ಪರಿಣಮಿಸುವುದು ಎರಡನೆಯ ರಾತ್ರಿಯ ಮೂಲಕ, ಎರಡನೆಯ ಭೇಟಿಯ ಮೂಲಕ, ನೆಂಟರಿಷ್ಟರಿಗೆ ಹೇಳುವ ಒಂದು ಒಳ್ಳೆಯ ಮಾತಿನ ಮೂಲಕ.

ಇದು ನನ್ನ ಅನುಭವಕ್ಕೇ ಬಂತು. ಕೆಲವು ವಾರಗಳ ಬಳಿಕ, ವಾರದ ನಡುವಿನ ದಿನವೊಂದರಲ್ಲಿ ಮತ್ತೆ ಹೋದೆ. ಸಮೀಪದ ತೋಟದ ಮನೆಯೊಂದರಲ್ಲಿ ಒಂದು ರಾತ್ರಿಗೆಂದು ಉಳಿದೆ. ಬೆಳಿಗ್ಗೆ ಮನೆಯ ಯಜಮಾನರು ತೋಟದಲ್ಲಿ ಸುತ್ತಾಡಿಸುತ್ತ ಅರೇಬಿಕಾ ಮತ್ತು ರೊಬಸ್ಟಾ ಗಿಡಗಳನ್ನು ಗುರುತಿಸುವುದು ಹೇಗೆ, ಹೂಮಳೆ ತಪ್ಪಿದರೆ ಇಡೀ ವರ್ಷದ ಬೆಳೆ ಏಕೆ ಕೈಕೊಡುತ್ತದೆ ಎಂಬುದನ್ನೆಲ್ಲ ವಿವರಿಸಿದರು. ಮಧ್ಯಾಹ್ನ ಅಕ್ಕಿರೊಟ್ಟಿ, ಕಳಲೆ ಪಲ್ಯ. ನಾನು ಇನ್ನೊಂದು ದಿನ ಉಳಿದೆ. ಹೊರಡುವಾಗ ಕಾಳುಮೆಣಸು, ಕಾಫಿಪುಡಿ ಕೊಂಡೆ. ಯಾರೂ ಒತ್ತಾಯಿಸಿರಲಿಲ್ಲ. ಭಾನುವಾರದ ಜಂಗುಳಿಯ ಮಾತು ಬಂದಾಗ ಅವರೆಂದರು: ‘ಆ ಜನಕ್ಕೂ ನಮಗೂ ಸಂಬಂಧವೇ ಇಲ್ಲ ಸಾರ್. ಅವರು ಬಿಟ್ಟ ಪ್ಲಾಸ್ಟಿಕ್ ಮಾತ್ರ ಮಳೆನೀರಿನ ಜೊತೆ ನಮ್ಮ ಗದ್ದೆಗೆ ಬರುತ್ತೆ.’

ಮುಳ್ಳಯ್ಯನಗಿರಿ ಭಾಗಕ್ಕೆ ಮುಂಗಡ ನೋಂದಣಿ ಕಡ್ಡಾಯಗೊಳಿಸಿ, ವಾಹನಗಳಿಗೆ ಮಿತಿ ಹಾಕುವ ವ್ಯವಸ್ಥೆಯನ್ನು ಜಿಲ್ಲಾಡಳಿತ 2025ರಲ್ಲಿ ತಂದಿತು. ಇದು ಸ್ವಾಗತಾರ್ಹ. ಆದರೆ ಒಂದು ಗಿರಿಗೆ ಬೇಲಿ ಹಾಕಿದರೆ ದಟ್ಟಣೆ ಪಕ್ಕದ ಗುಡ್ಡಕ್ಕೆ ಹರಿಯುವ ಅಪಾಯವಿದೆ. ಶುಲ್ಕವೊಂದೇ ಪರಿಹಾರವೂ ಅಲ್ಲ. ಭೂತಾನ್ 2022ರಲ್ಲಿ ವಿದೇಶಿ ಪ್ರವಾಸಿಗರ ದೈನಂದಿನ ಶುಲ್ಕವನ್ನು 200 ಡಾಲರ್‌ಗೆ ಏರಿಸಿ, ಮರುವರ್ಷವೇ 100ಕ್ಕೆ ಇಳಿಸಬೇಕಾಯಿತು. ಕೊಟ್ಟ ಹಣಕ್ಕೆ ತಕ್ಕುದು ದೊರೆಯಿತೆಂಬ ಭಾವ ಮೂಡದಿದ್ದರೆ ಯಾವ ಶುಲ್ಕವೂ ದಂಡದಂತೆಯೇ ಕಾಣುತ್ತದೆ.

ದೇವರಮನೆಗೆ ಬೇಕಿರುವುದು ಗಾಜಿನ ಸೇತುವೆಯೂ ಅಲ್ಲ, ಕಾಂಕ್ರೀಟ್ ವೀಕ್ಷಣಾ ಗೋಪುರವೂ ಅಲ್ಲ. ಗುಡ್ಡದ ಕೆಳಗೇ ವಾಹನ ನಿಲ್ಲಿಸಿ, ಸ್ಥಳೀಯ ಜೀಪುಗಳಲ್ಲಿ ಮೇಲಕ್ಕೆ ಕರೆದೊಯ್ಯುವ ಏರ್ಪಾಡು. ಹೆಂಗಸರು ಅಳುಕಿಲ್ಲದೆ ಬಳಸಬಹುದಾದ ಶುಚಿಯಾದ ಶೌಚಾಲಯ. ಮದ್ಯ ಮತ್ತು ಧ್ವನಿವರ್ಧಕಗಳಿಗೆ ಕಟ್ಟುನಿಟ್ಟಿನ ನಿಷೇಧ. ಊರಿನ ಸ್ವಸಹಾಯ ಸಂಘದ ಹೆಂಗಸರಿಗೆ ತಿಂಡಿ ಮಾರಲು ಒಂದು ನೆಲೆ. ಸಂಗ್ರಹವಾದ ಶುಲ್ಕ ಎಲ್ಲಿ ಖರ್ಚಾಯಿತೆಂಬುದನ್ನು ಅಲ್ಲಿಯೇ ಫಲಕದಲ್ಲಿ ಬರೆದು ಹಾಕಲಿ. ಇವಾವುವೂ ಕೋಟಿಗಟ್ಟಲೆ ರೂಪಾಯಿಯ ಯೋಜನೆಗಳಲ್ಲ.

ಶೋಲಾ ಕಾಡು ಮತ್ತು ಹುಲ್ಲುಗಾವಲು ಮಳೆನೀರನ್ನು ಹೀರಿ, ಬೇಸಿಗೆಯಲ್ಲೂ ಹಳ್ಳಗಳಿಗೆ ಹರಿಸುತ್ತವೆ. ಚಕ್ರಗಳಡಿ ಆ ಹುಲ್ಲು ಸವೆದುಹೋದರೆ ಪ್ರವಾಸಿಗರೂ ಬರುವುದಿಲ್ಲ, ಗದ್ದೆಗೆ ನೀರೂ ಬರುವುದಿಲ್ಲ. ಹೀಗಿರುವಾಗ ತಪಾಸಣಾ ಕೇಂದ್ರದಲ್ಲಿ ವಾಹನಗಳನ್ನಷ್ಟೇ ಎಣಿಸುತ್ತ ಕೂರುವುದು ಎಷ್ಟು ಸರಿ? ಆ ಭಾನುವಾರ ಕಾರು ತಿರುಗಿಸಿದ ಕುಟುಂಬ ಈ ಊರಿಗೆ ಎರಡು ರಾತ್ರಿಗಳನ್ನು ಕೊಡಲು ಬಂದಿತ್ತು. ಆ ನಷ್ಟವನ್ನು ಬರೆದುಕೊಳ್ಳಲು ನಮ್ಮ ಲೆಕ್ಕದ ಪುಸ್ತಕದಲ್ಲಿ ಇನ್ನಾದರೂ ಒಂದು ಅಂಕಣ ಇರಬೇಕು.